ನಾಲ್ಕು ಹತ್ತರ ನಡುಕ

ಕರಿಗುಡ್ಡ ದ್ವೀಪ, ಬಡಗು ಕೇರಿ,
ಇಸವಿ 2391, ಜೂನ್ 31.

ಹಾಳೆಯ ಮೂಲೆಯಲ್ಲಿ ‘ಶ. ನಾ.’ ಎಂದಷ್ಟೇ ಸಹಿ ಹಾಕುತ್ತಿದ್ದ ಮಾನ್ಯರಿಗೆ, ನಿಮ್ಮ ನಂತರದ ಹದಿನಾಲ್ಕನೆಯ ತಲೆಮಾರಿನ ಜಲಜಾಕ್ಷಿಯ ನಮಸ್ಕಾರಗಳು.

ತಾರೀಕು ನೋಡಿಯೇ ಈ ಕಾಗದವನ್ನು ಪಕ್ಕಕ್ಕೆ ಎಸೆಯಬೇಡಿ. ನಿಮ್ಮ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು ಎಂಬುದು ನನಗೂ ಗೊತ್ತು. ನನ್ನ ಮುತ್ತಜ್ಜಿಯ ಕಾಲದಲ್ಲಿ ಫೆಬ್ರವರಿಯಿಂದ ಎರಡು ದಿನ ಕಿತ್ತು ಜೂನ್‌ಗೊಂದು, ಸೆಪ್ಟೆಂಬರಿಗೊಂದು ಹಂಚಿದರಂತೆ. ಮಳೆಗಾಲವೇ ಉದ್ದವಾಗಿರುವಾಗ ತಿಂಗಳುಗಳು ಯಾಕೆ ಗಿಡ್ಡವಿರಬೇಕು ಎಂದು ಯಾರೋ ವಾದಿಸಿ ಗೆದ್ದರಂತೆ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ. ನನಗೆ ಐವತ್ತೆಂಟು ವರ್ಷ. ಬಾಯಿ ಸ್ವಲ್ಪ ಜೋರು ಎಂದು ಊರಿನವರು ಹೇಳುತ್ತಾರೆ. ಅದನ್ನೂ ಕ್ಷಮಿಸಿ.

ಮೊದಲು ವಿಷಯ ಹೇಳಿಬಿಡುತ್ತೇನೆ. ಈ ದ್ವೀಪದಲ್ಲಿ ನಾವು ನಾನ್ನೂರ ಹನ್ನೆರಡು ಜನ ಇದ್ದೇವೆ. ಐದು ದಿನಗಳಿಂದ ಪ್ರತಿ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಾಲ ಕೆಳಗಿನ ನೆಲ ನಡುಗುತ್ತಿದೆ. ಇಲ್ಲಿ ನಡುಕದ ಲೆಕ್ಕ ಇಡುತ್ತಿದ್ದ ನೀವು ಬಿಟ್ಟುಹೋದ ಹಾಳೆಗಳಲ್ಲಿ, ಮೇ ಮೂರರಿಂದ ಹನ್ನೊಂದರವರೆಗೆ ಒಂಬತ್ತು ದಿನ, ಅದೇ ಹೊತ್ತಿಗೆ ಅಂಥದೇ ನಡುಕ ದಾಖಲಾಗಿದೆ. ಹತ್ತನೆಯ ದಿನ ಬೆಟ್ಟದ ಬಡಗು ಮಗ್ಗುಲು ಬಿರಿದು ಬೆಂಕಿ ಹರಿದಿದೆ. ನಾವೀಗ ಮನೆ ಕಟ್ಟಿಕೊಂಡಿರುವುದು ಅದೇ ಬಡಗು ಮಗ್ಗುಲಲ್ಲಿ. ನನಗೆ ತಿಳಿಯಬೇಕಾದದ್ದು ಇಷ್ಟೇ: ಆ ಒಂಬತ್ತು ದಿನದ ನಡುಕ ಬೆಟ್ಟದ್ದೋ, ಅಥವಾ ನೀವೇ ಅಲ್ಲಿ ಏನಾದರೂ ಕುಟ್ಟುತ್ತಿದ್ದಿರೋ? ಬೆಟ್ಟದ್ದಾದರೆ ಈ ಮಳೆಗಾಲದ ಸಮುದ್ರಕ್ಕೆ ದೋಣಿ ಇಳಿಸಿ ನಾವು ಊರು ಬಿಡಬೇಕು. ನಿಮ್ಮದಾದರೆ ಬಾಗಿಲು ಹಾಕಿಕೊಂಡು ಬೆಚ್ಚಗೆ ಕೂರಬಹುದು. ಇದನ್ನು ಊರಿಗೆ ಹೇಳಬೇಕಾದವಳು ನಾನು, ಮತ್ತು ನಾಳೆ ಬೆಳಿಗ್ಗೆ ಹೇಳಬೇಕು.

ಮುಂದೆ ಬರುವವಳೊಬ್ಬಳು ಹಿಂದಿನವರಿಗೆ ಓಲೆ ಬರೆದರೆ ಅದು ಹೇಗೆ ತಲುಪೀತು ಎಂದು ನೀವು ಕೇಳಿಯೇ ಕೇಳುತ್ತೀರಿ. ತಲುಪುತ್ತದೆಂದು ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ನಮ್ಮ ಕೆಲಸದಲ್ಲಿ ಇದು ಪದ್ಧತಿ. ನೆಲಗಾವಲಿನವರು, ಅಂದರೆ ಬೆಟ್ಟದ ನಡುಕ ಮತ್ತು ಹರಿವುಗಳ ಲೆಕ್ಕ ಇಡುವವರು, ಗೊತ್ತಾಗದ ಪ್ರಶ್ನೆ ಬಂದಾಗ ಹಿಂದೆ ಇದೇ ಕೆಲಸ ಮಾಡಿದವರಿಗೆ ಒಂದು ಕಾಗದ ಬರೆಯುತ್ತಾರೆ. ನನಗೆ ಕೆಲಸ ಕಲಿಸಿದ ಸೀತು ದೊಡ್ಡಮ್ಮ ಹೇಳುತ್ತಿದ್ದಳು, “ಸಮಾ ಮಾಡಿ ಕೇಂಡ್ರೆ ಅರ್ಧ ಉತ್ರ ನಮ್ ಕೈಯಂಗೇ ಇರತ್ತ್ ಹೆಣೆ.” ಹಾಗಾಗಿ ಸಮಾ ಮಾಡಿ, ಅಂದರೆ ಸರಿಯಾಗಿ, ಕೇಳಲು ಕೂತಿದ್ದೇನೆ.

ನಿಮ್ಮ ಕಾಲದಲ್ಲಿ ಈ ದ್ವೀಪದಲ್ಲಿ ನೀವು ಮತ್ತು ನಿಮ್ಮ ಯಂತ್ರ ಬಿಟ್ಟರೆ ಮೇಕೆಗಳು ಮಾತ್ರ ಇದ್ದವು ಎಂದು ನಿಮ್ಮ ಟಿಪ್ಪಣಿಯಿಂದಲೇ ತಿಳಿಯುತ್ತದೆ. ‘ಮೇಕೆ ಮತ್ತೆ ತಂತಿ ಕಡಿಯಿತು’ ಎಂದು ಹದಿನೇಳು ಸಲ ಬರೆದಿದ್ದೀರಿ. ನಮ್ಮವರು ಬಂದದ್ದು ಏಳು ತಲೆಮಾರಿನ ಹಿಂದೆ. ಕುಂದಾಪುರದ ಕಡೆಯ ತೀರ ನೀರಿನ ಪಾಲಾದಾಗ, ಹೇಗೂ ಸಮುದ್ರ ಬಿಟ್ಟು ಬದುಕಲು ಬಾರದವರು ನಾವು, ದೋಣಿಯಲ್ಲಿ ಹೊರಟವರು ಇಲ್ಲಿಗೆ ಬಂದು ಮುಟ್ಟಿದೆವು. ಮಣ್ಣು ಕಪ್ಪು, ಬಿತ್ತಿದ್ದೆಲ್ಲ ಬರುತ್ತದೆ, ಮೀನು ಕೈತುಂಬ. ಬೆಟ್ಟ ಹೊಗೆ ಬಿಡುತ್ತಿರುವುದನ್ನು ನೋಡಿಯೂ ಇಳಿದರು, ಯಾಕೆಂದರೆ ಮುಂದೆ ಹೋಗಲು ದೋಣಿಯಲ್ಲಿ ಕುಡಿಯುವ ನೀರಿರಲಿಲ್ಲ. ಇಳಿದ ಮೇಲೆ ಅದರ ಸ್ವಭಾವ ಕಲಿಯುವುದು ಅನಿವಾರ್ಯವಾಯಿತು.

ಬೆಟ್ಟದಿಂದ ಹರಿದು ಬರುವ ಬೆಂಕಿಕಲ್ಲನ್ನು ನಾವು ಹರಿಗಲ್ಲು ಎನ್ನುತ್ತೇವೆ. ಅದರಲ್ಲಿ ಎರಡು ಜಾತಿ. ಹಾಲಿನ ಮೇಲೆ ಕಟ್ಟಿದ ಹಾಗೆ ನಯವಾಗಿ, ಸುಕ್ಕುಸುಕ್ಕಾಗಿ ಆರುವುದು ಕೆನೆಗಲ್ಲು. ಬೆಣ್ಣೆ ಕಾಸಿದಾಗ ತಳದಲ್ಲಿ ಉಳಿಯುವಂತೆ ಒರಟೊರಟಾಗಿ ನಿಲ್ಲುವುದು ಚರಟಗಲ್ಲು. ಹರಿವು ನಿಂತ ಮೇಲೆ ಅದರ ಅಂಚಿನ ಸುತ್ತ ನಾವು ನಡೆಯಬೇಕು. ಇಬ್ಬರು ಹೋಗುತ್ತಾರೆ, ನಡುವೆ ಗಂಟು ಹಾಕಿದ ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗ. ಮುಂದಿನವರು ಒದ್ದೆ ಬಿದಿರನ್ನು ಕಲ್ಲಿಗೆ ಊರುತ್ತಾರೆ. ಬಿದಿರು ಕರಟಿದರೆ ಮೂರು ದಿನ ಬಿಟ್ಟು ಬರಬೇಕು. ಬರೀ ಹಬೆ ಬಂದರೆ ಚಪ್ಪಲಿಯ ಅಡಿಗೆ ಬಾಳೆದಿಂಡು ಕಟ್ಟಿಕೊಂಡು ನಡೆಯಬಹುದು. ಎಷ್ಟು ಗಂಟು ಹೋದೆವು, ಎಲ್ಲಿ ತಿರುಗಿದೆವು ಎಂದು ಹಿಂದಿನವರು ಕೂಗಿ ಹೇಳುತ್ತಾ ಬರುತ್ತಾರೆ. ಒಂದು ಹರಿವಿನ ಸುತ್ತ ಹೀಗೆ ನಡೆದು ಮುಗಿಸಲು ಒಮ್ಮೊಮ್ಮೆ ಒಂದು ತಿಂಗಳು ಹಿಡಿಯುತ್ತದೆ. ನನ್ನ ಅಂಗಾಲು ನೋಡಿದರೆ ನಿಮಗೆ ಅಯ್ಯೋ ಅನ್ನಿಸೀತು.

ಆ ಅಳತೆಯನ್ನು ನಾವು ಕಾಗದದ ಮೇಲಲ್ಲ, ಬಟ್ಟೆಯ ಮೇಲೆ ಇಡುತ್ತೇವೆ. ಹಾಯಿಬಟ್ಟೆಯ ಮೇಲೆ ದ್ವೀಪದ ಆಕಾರ ಹೊಲಿದಿದೆ. ಹೊಸ ಹರಿವು ಬಂದಾಗ ಅದು ಮೊದಲು ನುಂಗಿದ ಮನೆಯವರ ಒಂದು ಸೀರೆಯನ್ನು ಕೇಳಿ ತಂದು, ಹರಿವಿನ ಆಕಾರಕ್ಕೆ ಕತ್ತರಿಸಿ, ಹಳೆಯದರ ಮೇಲೆಯೇ ಹೊಲಿಯುತ್ತೇವೆ. ಹರಿವಿಗೆ ಆ ಮನೆಯದೇ ಹೆಸರು. ಕೆನೆಗಲ್ಲಾದರೆ ಬರೀ ಹೊಲಿಗೆ, ಚರಟಗಲ್ಲಾದರೆ ಗಂಟುಹೊಲಿಗೆ. ನಾಡಿನಿಂದ ಬಂದ ಒಬ್ಬ ದೊಡ್ಡ ಮನುಷ್ಯ ಇದನ್ನು ನೋಡಿ ‘ಹಾಸಿಗೆಯೋ ನಕ್ಷೆಯೋ’ ಎಂದು ನಕ್ಕಿದ್ದ. ನಾನು ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಯನ್ನು ನಕ್ಷೆಯ ಮೇಲೆ ಆಡಿಸಿ, ಎಲ್ಲಿ ಮನೆ ಕಟ್ಟುತ್ತೀಯಪ್ಪಾ ಎಂದು ಕೇಳಿದೆ. ಎಲ್ಲಿ ಪದರ ದಪ್ಪವೋ ಅಲ್ಲಿ ಬೆಟ್ಟ ಮತ್ತೆ ಮತ್ತೆ ಬಂದಿದೆ ಎಂದು ಅವನ ಬೆರಳಿಗೇ ತಿಳಿಯಿತು. ಆಮೇಲೆ ಅವನು ನಗಲಿಲ್ಲ. ತೆಂಕು ಮಗ್ಗುಲಲ್ಲಿ ಒಂಬತ್ತು ಪದರ. ಬಡಗು ಮಗ್ಗುಲಲ್ಲಿ ಒಂದೇ ಒಂದು, ಅದೂ ನಿಮ್ಮ ಕಾಲದ್ದು, ಆಮೇಲೆ ನೀವು ಹಾಳೆಯಲ್ಲಿ ಬರೆದಿಟ್ಟ ಆಕಾರ ನೋಡಿ ಹೊಲಿದದ್ದು. ಅದಕ್ಕೆ ಸೀರೆ ಕೊಡಲು ಯಾವ ಮನೆಯೂ ಇರಲಿಲ್ಲವಾದ್ದರಿಂದ ಬಿಳಿ ಬಟ್ಟೆ ಹಾಕಿದ್ದೇವೆ.

ಇನ್ನು ನಿಮ್ಮ ಹಾಳೆಗಳ ವಿಷಯ. ಹಳೆಯ ಕಾವಲುಮನೆಯ ಗೋಡೆಯ ಗೂಡಿನಲ್ಲಿ ನಮ್ಮ ಹಿರಿಯರಿಗೆ ಅವು ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕವು. ಜೊತೆಗೆ ಮುನ್ನೂರು ಹೊಳೆಯುವ ಬಿಲ್ಲೆಗಳೂ ಇದ್ದವು. ನಿಮ್ಮ ಕಾಲದ ಜ್ಞಾನವೆಲ್ಲ ಅದರಲ್ಲಿದೆ ಎನ್ನುತ್ತಾರೆ. ಓದುವ ಯಂತ್ರ ಇಲ್ಲದೆ ನಾವು ಅವನ್ನು ಗದ್ದೆಯಲ್ಲಿ ಕಾಗೆ ಓಡಿಸಲು ಕಟ್ಟಿದ್ದೇವೆ. ಉಳಿದದ್ದು ಕಾಗದ. ನಿಮ್ಮ ಯಂತ್ರದ ಸುರುಳಿ ಒಮ್ಮೆ ಹಾಕಿದರೆ ಹತ್ತು ದಿನ ತಾನೇ ಓಡುತ್ತಿತ್ತು, ಮುಳ್ಳು ಅದರ ಮೇಲೆ ನಡುಕದ ಗೆರೆ ಎಳೆಯುತ್ತಿತ್ತು. ಪೆಟ್ಟಿಗೆಗೆ ಹಿಡಿಸಲಿ ಎಂದು ನಮ್ಮ ಹಿರಿಯರು ಸುರುಳಿಗಳನ್ನು ದಿನಕ್ಕೊಂದು ಹಾಳೆಯಂತೆ ಕತ್ತರಿಸಿಬಿಟ್ಟರು. ಅಂಚಿನಲ್ಲಿ ನಿಮ್ಮ ಅಕ್ಷರ: ‘ಬಿಸಿಲು’, ‘ದೋಣಿ ಬಂತು’, ‘ಕಲ್ಲು ಒಡೆದು ದಾರಿ ಮಾಡಿದೆ’, ‘ಇವತ್ತು ಯಾರ ಹತ್ತಿರವೂ ಮಾತಾಡಲಿಲ್ಲ’. ಈ ಕೊನೆಯದನ್ನು ಓದಿದ ದಿನ ನನಗೆ ನಿಮ್ಮ ಮೇಲೆ ಮಮತೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಒಂದು ಕಂದು ಬಣ್ಣದ ಉಂಗುರ. ಅದನ್ನು ನಾವು ಬಳೆ ಎನ್ನುತ್ತೇವೆ. ನಾಲ್ಕು ತಲೆಮಾರಿನಿಂದ ನಮ್ಮಲ್ಲಿ ಬಳೆಶಾಸ್ತ್ರವೇ ಬೆಳೆದಿದೆ. ಪೂರ್ತಿ ಬಳೆಯಿದ್ದರೆ ಬೆಟ್ಟ ಶಾಂತ, ಅರ್ಧ ಬಳೆಯಾದರೆ ಅಶಾಂತ, ಎರಡು ಬಳೆ ಕೂಡಿದ್ದರೆ ಎರಡು ಕಡೆ ಒತ್ತಡ. ಬಾಯಿಪಾಠ ಒಪ್ಪಿಸದೆ ಸೀತು ದೊಡ್ಡಮ್ಮ ನನ್ನನ್ನು ಊಟಕ್ಕೆ ಬಿಡುತ್ತಿರಲಿಲ್ಲ.

ನಮ್ಮ ಯಂತ್ರವೂ ಹೆಚ್ಚುಕಡಿಮೆ ನಿಮ್ಮದರ ಮೊಮ್ಮಗಳು. ನಾಡಿನಿಂದ ತರಿಸಿದ ಕಿವಿಗಲ್ಲುಗಳನ್ನು ನೆಲದಲ್ಲಿ ಹೂಳುತ್ತೇವೆ, ಅವು ಆಳದ ಸದ್ದನ್ನು ಕೇಳಿ ತಂತಿಯ ಮೂಲಕ ಮುಳ್ಳಿಗೆ ಮುಟ್ಟಿಸುತ್ತವೆ. ಕಷ್ಟವೆಂದರೆ ಅವು ಬೆಟ್ಟದ ಸದ್ದನ್ನೂ ಕೇಳುತ್ತವೆ, ನಮ್ಮದನ್ನೂ ಕೇಳುತ್ತವೆ. ನಮ್ಮ ಊರಿನ ಮುಖ್ಯ ಕಸುಬು ಕತ್ತ. ನೆನೆಹಾಕಿದ ತೆಂಗಿನ ಸಿಪ್ಪೆಯನ್ನು ಬೆಳಿಗ್ಗೆ ಆರರಿಂದ ಎಂಟರವರೆಗೆ ಎಲ್ಲರೂ ದಡದಲ್ಲಿ ಸಾಲಾಗಿ ಕೂತು ಕೊಡತಿಯಿಂದ ಬಡಿದು ನಾರು ತೆಗೆಯುತ್ತೇವೆ. ನೂರು ಕೊಡತಿ ಒಟ್ಟಿಗೆ ಬಿದ್ದರೆ ಗೆರೆ ಕುಣಿಯುತ್ತದೆ. ಅದಕ್ಕೆ ನಾವು ಮಾಡಿಕೊಂಡ ಉಪಾಯದ ಹೆಸರು ಊರಕಳೆತ: ಆ ಎರಡು ಗಂಟೆಯ ಗೆರೆಯ ಮೇಲೆ ಒಂದು ಅಚ್ಚು ಇಟ್ಟು, ಇದೆಲ್ಲ ಊರಿನ ಸದ್ದು ಎಂದು ಅಡ್ಡಗೀಟು ಹಾಕಿ, ಉಳಿದದ್ದನ್ನು ಮಾತ್ರ ಬೆಟ್ಟದ ಲೆಕ್ಕಕ್ಕೆ ಹಿಡಿಯುವುದು. ಮೂವತ್ತು ವರ್ಷ ಆ ಗೀಟು ಎಳೆದ ಕೈ ನನ್ನದು.

ಎರಡು ವರ್ಷದ ಹಿಂದೆ, ನಾವಿನ್ನೂ ತೆಂಕು ಕೇರಿಯಲ್ಲಿದ್ದಾಗ, ಸೀತು ದೊಡ್ಡಮ್ಮ ತೀರಿಕೊಂಡಳು. ಊರಿಗೇ ಹಿರಿಯಳು, ಹಾಗಾಗಿ ಊರಿಗೇ ಸೂತಕ. ಸೂತಕದಲ್ಲಿ ಕೊಡತಿ ಮುಟ್ಟುವಂತಿಲ್ಲ. ಹನ್ನೊಂದು ದಿನ ದಡದಲ್ಲಿ ಒಂದು ಏಟು ಕೇಳಲಿಲ್ಲ. ಅಷ್ಟು ದಿನವೂ ನಾನು ಅಳುತ್ತಾ ಬಂದು ಹಾಳೆಯ ಮುಂದೆ ಕೂತು, ಆರರಿಂದ ಎಂಟರ ಗೆರೆಯ ಮೇಲೆ ಅಚ್ಚು ಇಟ್ಟು, ಊರಿನ ಸದ್ದು ಎಂದು ಗೀಟು ಹಾಕಿದೆ. ಬಡಿಯುವವರೇ ಇಲ್ಲದ ಬಡಿತವನ್ನು ಕಳೆದೆ. ಸೂತಕ ಹಿಡಿದವಳು ನಾನೇ, ಕೊಡತಿ ಮೂಲೆಗಿಟ್ಟವಳೂ ನಾನೇ. ಆದರೂ ಆ ಹೊತ್ತಿಗೆ ಗೆರೆ ಕುಣಿಯುತ್ತಿದೆಯಲ್ಲ, ಯಾರು ಕುಣಿಸುತ್ತಿದ್ದಾರೆ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಸೂತಕ ಕಳೆಯುವ ಬೊಜ್ಜದ ದಿನ ಊರು ಊಟಕ್ಕೆ ಕೂತಿದ್ದಾಗ ತೆಂಕು ಮಗ್ಗುಲು ಬಿರಿಯಿತು. ಮೇಲಿನ ಗುಡಿಸಲಿನಲ್ಲಿ ಅಡಿಗೆಗೆ ನಿಂತಿದ್ದ ಏಳು ಜನ ಕೆಳಗೆ ಬರಲಾಗಲಿಲ್ಲ. ಆ ಹರಿವು ಮೊದಲು ನುಂಗಿದ್ದು ದೊಡ್ಡಮ್ಮನ ಮನೆಯನ್ನು, ಆದ್ದರಿಂದ ಅದು ಸೀತು ಹರಿವು. ಅವಳ ಹಸಿರು ಸೀರೆಯನ್ನು ಕತ್ತರಿಸಿ ಹೊಲಿದವಳು ನಾನು. ಊರಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಲೂ ಆ ಏಳು ಜನರ ಮನೆಯವರ ಮುಂದೆ ಹಾಯಬೇಕಾದಾಗ ನಾನು ಸುತ್ತುದಾರಿ ಹಿಡಿಯುತ್ತೇನೆ.

ಆಮೇಲೆ ಎಲ್ಲರೂ ನಕ್ಷೆಯ ಮೇಲೆ ಕೈಯಾಡಿಸಿ, ತೆಳ್ಳಗಿರುವ ಕಡೆ ಎಂದು ಬಡಗು ಮಗ್ಗುಲಿಗೆ ಬಂದೆವು. ಎರಡು ವರ್ಷ ಸುಖವಾಗಿಯೇ ಇದ್ದೆವು. ಈ ತಿಂಗಳ ಇಪ್ಪತ್ತೇಳಕ್ಕೆ ಮೊದಲ ನಡುಕ ಬಂತು. ಹೆಚ್ಚೇನಲ್ಲ, ನಾಲ್ಕು ಹತ್ತಕ್ಕೆ ಶುರುವಾಗಿ ಅರ್ಧ ಗಂಟೆ. ಕೊಡಪಾನದ ನೀರು ನೆರಿಗೆ ಕಟ್ಟುವಷ್ಟು. ಮರುದಿನವೂ ನಾಲ್ಕು ಹತ್ತಕ್ಕೇ. ಈ ಸಲ ನಾನು ಗೀಟು ಎಳೆಯಲು ಹೋಗಲಿಲ್ಲ. ಮೂರನೆಯ ದಿನ ಇಡೀ ಊರನ್ನು ಕೂರಿಸಿದೆ. ಸೀತು ಹರಿವಿನ ನಂತರ ನಾವು ಮಾಡಿಕೊಂಡ ಹೊಸ ಪದ್ಧತಿ ಇದು, ಕೂರುಹೊತ್ತು ಎನ್ನುತ್ತೇವೆ. ಶಂಖ ಊದಿದರೆ ಇದ್ದಲ್ಲೇ ಕೂರಬೇಕು. ರುಬ್ಬುವವರು ರುಬ್ಬುಗಲ್ಲು ಬಿಡಬೇಕು, ನಡೆಯುವವರು ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂರಬೇಕು, ದನ ಕಟ್ಟಬೇಕು, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು. ನಾನ್ನೂರ ಹನ್ನೆರಡು ಜನ ಉಸಿರು ಬಿಗಿಹಿಡಿದು ಕೂತರು. ನಾಲ್ಕು ಹತ್ತಕ್ಕೆ ಗೆರೆ ಕುಣಿಯಿತು. ಅಂದಮೇಲೆ ಈಗಿನ ನಡುಕ ನಮ್ಮದಲ್ಲ, ಅಷ್ಟು ನನಗೆ ಖಾತ್ರಿಯಾಯಿತು.

ಆದರೆ ಎಲ್ಲ ನಡುಕವೂ ಬಿರಿಯುವ ನಡುಕವಲ್ಲ. ನಮ್ಮ ದೋಣಿಗಳ ಹಿರಿಯ ಸುಕ್ರ ತಾಂಡೇಲ, ನನಗಿಂತ ಹತ್ತು ವರ್ಷ ಚಿಕ್ಕವನಾದರೂ ನನ್ನ ಹಾಗೇ ಬಾಯಿಬಡುಕ, ನನ್ನ ಎದುರು ಬಂದು ಕೂತು ಹೇಳಿದ: “ಬೆಟ್ಟಕ್ಕೆ ಗಡಿಯಾರ ಯಾರ್ ಕಟ್ಟಿದ್ರ್ ಜಲಜಕ್ಕ? ಇಪ್ಪತ್ತೇಳಕ್ಕೆ ಮಳಿ ಹಿಡೀತ್. ದಿನಾ ಮಧ್ಯಾಹ್ನ ಹೊಯ್ತ್, ನೀರ್ ಬಿಸಿಕಲ್ಲಿಗೆ ಇಳಿತ್ತ್, ಒಳಗೆ ಗುಡುಗುಡು ಅಂತ್ತ್. ಅದಕ್ಕೆ ಊರ್ ಬಿಡೂದಾ?” ಅವನು ಹೇಳುವುದರಲ್ಲಿ ಹುರುಳಿದೆ. ದಿನವೂ ಒಂದು ಗಂಟೆಗೆ ಮಳೆ, ಅದಾಗಿ ಮೂರು ತಾಸಿನ ಮೇಲೆ ನಡುಕ. ಮಳೆಯದೇ ಆಟವಾದರೆ ಹೆದರಬೇಕಿಲ್ಲ. ನಮ್ಮ ಜನ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸುವ ತನಕ ದೋಣಿ ಇಳಿಸುವುದಿಲ್ಲ, ಅದಿನ್ನೂ ಒಂದೂವರೆ ತಿಂಗಳಿದೆ. ಪೂರ್ವದ ದೊಡ್ಡ ದ್ವೀಪಕ್ಕೆ ಎರಡು ದಿನದ ದಾರಿ. ಈ ಗಾಳಿಯಲ್ಲಿ ಹದಿನಾಲ್ಕು ದೋಣಿ ಹೊರಟರೆ ಒಂದೆರಡು ಮಗುಚುವುದು ಇದ್ದದ್ದೇ ಎಂದು ಅವನು ಮುಚ್ಚುಮರೆಯಿಲ್ಲದೆ ನೇರವಾಗಿಯೇ ಹೇಳಿದ. ಒಂದು ದೋಣಿಯಲ್ಲಿ ಮೂವತ್ತು ಜನ. ನನ್ನ ಮಗಳು ವನಜಳಿಗೆ ಒಂಬತ್ತು ತಿಂಗಳು ತುಂಬಿದೆ, ಅವಳೂ ಯಾವುದಾದರೊಂದು ದೋಣಿಯಲ್ಲಿ ಕೂರಬೇಕು.

ಇಲ್ಲಿಯೇ ನೀವು ಬೇಕಾಗುವುದು. ನಿಮ್ಮ ಒಂಬತ್ತು ದಿನ ಮೇ ತಿಂಗಳದ್ದು. ಅದರ ಹಿಂದಿನ ವಾರವೆಲ್ಲ ‘ಬಿಸಿಲು, ಬಿಸಿಲು’ ಎಂದು ಬರೆದಿದ್ದೀರಿ. ಅಂದಮೇಲೆ ಅದು ಮಳೆಯ ನಡುಕವಲ್ಲ. ಉಳಿದದ್ದು ಎರಡೇ: ಬೆಟ್ಟ ಅಥವಾ ನೀವು. ಏಪ್ರಿಲ್‌ನಲ್ಲಿ ಕಲ್ಲು ಒಡೆದು ದಾರಿ ಮಾಡುತ್ತಿದ್ದಿರಲ್ಲ, ಅದನ್ನೇ ದಿನಾ ಬಿಸಿಲು ಇಳಿದ ಮೇಲೆ ನಾಲ್ಕು ಹತ್ತಕ್ಕೆ ಮುಂದುವರಿಸಿದ್ದಿರಬಹುದೇ? ಒಂಟಿ ಮನುಷ್ಯ ಗಡಿಯಾರ ಹಿಡಿದು ಬದುಕುತ್ತಾನೆ, ಇದು ನನಗೆ ಗೊತ್ತು. ಹಾಗಿದ್ದರೆ ನಿಮ್ಮ ಸುತ್ತಿಗೆಗೂ ಬಡಗು ಮಗ್ಗುಲು ಬಿರಿದದ್ದಕ್ಕೂ ಸಂಬಂಧವಿಲ್ಲ, ಸುಕ್ರನ ಮಾತೇ ಸರಿ, ನಾವು ಮನೆಯಲ್ಲೇ ಇರಬಹುದು. ಸುತ್ತಿಗೆ ಅಲ್ಲವಾದರೆ, ಈ ಬೆಟ್ಟಕ್ಕೆ ಬಿರಿಯುವ ಮುಂಚೆ ಒಂದೇ ಹೊತ್ತಿಗೆ ನಡುಗುವ ಚಾಳಿ ಇದೆ ಎಂದಾಯಿತು, ಮತ್ತು ನಮಗೆ ಉಳಿದದ್ದು ನಾಲ್ಕು ದಿನ. ಆ ಒಂಬತ್ತು ಹಾಳೆಗಳ ಅಂಚಿನಲ್ಲಿ ನೀವು ಒಂದಕ್ಷರ ಬರೆದಿಲ್ಲ. ಬೇರೆ ದಿನ ಮೇಕೆ ಕೆಮ್ಮಿದರೂ ಬರೆದವರು, ಆ ಒಂಬತ್ತು ದಿನ ಮಾತ್ರ ಯಾಕೆ ಸುಮ್ಮನಾದಿರಿ, ಮಾರಾಯರೇ?

ನಿನ್ನೆ ನಿಮ್ಮ ಹಾಳೆಗಳನ್ನೆಲ್ಲ ಹತ್ತನೆಯ ಸಲ ಹರಡಿಕೊಂಡು ಕೂತಿದ್ದೆ. ವನಜ ಬಗ್ಗಲಾರಳು, ಗೋಡೆಗೆ ಒರಗಿ ಕೂತು ನಾನು ಕೊಟ್ಟದ್ದನ್ನು ನೋಡುತ್ತಿದ್ದಳು. ಕೈಯಲ್ಲಿ ಕೊತ್ತಂಬರಿ ಕಷಾಯದ ಲೋಟ. ಹೊಟ್ಟೆಯಲ್ಲಿ ಮಗು ಒದೆಯಿತೆಂದು ಲೋಟವನ್ನು ಅವಸರದಲ್ಲಿ ಹಾಳೆಯ ಮೇಲೆಯೇ ಇಟ್ಟಳು. ನಾನು ಬೈಯಲು ಬಾಯಿ ತೆರೆದೆ. ಲೋಟ ಎತ್ತಿದಾಗ ನಿಮ್ಮ ಬಳೆಯ ಪಕ್ಕದಲ್ಲಿ ಇನ್ನೊಂದು ಬಳೆ ಮೂಡಿತ್ತು. ಅಷ್ಟೇ ಗಾತ್ರ, ಅದೇ ಬಣ್ಣ. ನಾನು ಎರಡನ್ನೂ ಬೆರಳಿನಿಂದ ಅಳೆದು ನೋಡಿದೆ. ಆಮೇಲೆ ಅವಳು ನಗಲು ಶುರುಮಾಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕು ತಲೆಮಾರಿನ ಬಳೆಶಾಸ್ತ್ರ, ಬಾಯಿಪಾಠ, ತಪ್ಪಿದ ಊಟಗಳು, ಎಲ್ಲವೂ ನಿಮ್ಮ ಚಾದ ಲೋಟ. ಎರಡು ಬಳೆ ಕೂಡಿದ್ದರೆ ಎರಡು ಕಡೆ ಒತ್ತಡವಲ್ಲ, ಅವತ್ತು ನೀವು ಎರಡು ಸಲ ಚಾ ಕುಡಿದಿರಿ, ಅಷ್ಟೇ.

ನಗು ನಿಂತ ಮೇಲೆ ವನಜ ಆ ಒಂಬತ್ತು ಹಾಳೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಅವುಗಳಲ್ಲಿ ಬಳೆಯಿಲ್ಲ ಎಂಬುದು ನಮಗೆ ಯಾವತ್ತೂ ಗೊತ್ತಿತ್ತು. ಬೆಟ್ಟ ಉಸಿರು ಬಿಗಿಹಿಡಿದ ದಿನಗಳು ಎಂದು ದೊಡ್ಡಮ್ಮ ಪಾಠ ಹೇಳುತ್ತಿದ್ದಳು. ವನಜ ಮೆಲ್ಲಗೆ ಹೇಳಿದಳು, “ಅಬ್ಬಿ, ಈ ಜನ ಒಂಬತ್ತು ದಿನ ಚಾ ಕುಡಿಲೇ ಇಲ್ಲ ಕಾಣ್. ಅವ್ರ್ ಅಲ್ಲಿ ಇರ್ಲೇ ಇಲ್ಲ.” ಬರೆಯಲಿಲ್ಲ, ಚಾ ಕುಡಿಯಲಿಲ್ಲ, ಹಾಗಾದರೆ ದ್ವೀಪದಲ್ಲೇ ಇರಲಿಲ್ಲ. ಸುರುಳಿ ಹತ್ತು ದಿನ ತಾನೇ ಓಡುತ್ತದೆಂದು ಹಾಕಿಟ್ಟು ದೋಣಿ ಹತ್ತಿದ್ದೀರಿ. ಮನುಷ್ಯರೇ ಇಲ್ಲದ ಮೇಲೆ ಕುಟ್ಟಿದವರು ಯಾರು? ಇದನ್ನು ಸುಕ್ರನಿಗೆ ಹೇಳಿದೆ. ಅವನು ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ, “ಚಾಪುಡಿ ಮುಗ್ದಿಪ್ಪುಕೂ ಸಾಕ್ ಅಕ್ಕ.”

ನೋಡಿ, ನಮ್ಮ ಗತಿ. ನಾನ್ನೂರ ಹನ್ನೆರಡು ಜನರ ಜೀವ ಮುನ್ನೂರ ಅರವತ್ತು ವರ್ಷದ ಹಿಂದೆ ನಿಮ್ಮ ಡಬ್ಬಿಯಲ್ಲಿ ಚಾಪುಡಿ ಇತ್ತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ್ದೇನೆ. ಕುತೂಹಲಕ್ಕೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ: ಎಲ್ಲಿ ಹೋಗಿದ್ದಿರಿ? ಮನೆಯಲ್ಲಿ ಮದುವೆಯಿತ್ತೇ? ಯಾರಿಗಾದರೂ ಹುಷಾರಿರಲಿಲ್ಲವೇ? ಅಥವಾ ಯಾರ ಹತ್ತಿರವಾದರೂ ಎರಡು ಮಾತಾಡಿ ಬರೋಣ ಎಂದು ಹೋದಿರೇ? ನಾಲ್ಕು ತಿಂಗಳ ನಂತರದ ಸುರುಳಿಯಲ್ಲಿ ಮತ್ತೆ ನಿಮ್ಮ ಸಹಿ ಇದೆ, ಬಳೆಯೂ ಇದೆ. ಬಡಗು ಬೆಂಕಿಯಲ್ಲಿ ನೀವು ಸಾಯಲಿಲ್ಲ ಎಂದು ತಿಳಿದು ನನಗೆ ಸಂತೋಷವಾಗಿತ್ತು. ಆದರೆ ಅಲ್ಲಿಯೂ ಹೋದದ್ದೆಲ್ಲಿ, ಬಂದದ್ದು ಯಾವಾಗ ಎಂದು ಹೇಳಿಲ್ಲ. ಮೊದಲ ಟಿಪ್ಪಣಿಯೇ ‘ಮೇಕೆ ಮತ್ತೆ ತಂತಿ ಕಡಿಯಿತು’.

ಇಷ್ಟು ಬರೆದು, ಕೂರುಹೊತ್ತಿನ ಶಂಖ ಕೇಳಿ ಲೇಖನಿ ಕೆಳಗಿಟ್ಟೆ. ಇವತ್ತೂ ನಾಲ್ಕು ಹತ್ತಕ್ಕೆ ಬಂತು. ನಿನ್ನೆಗಿಂತ ಸ್ವಲ್ಪ ಹೆಚ್ಚು.

ಜುಲೈ 2, ಬೆಳಿಗ್ಗೆ.

ನಿನ್ನೆ ಊರು ಸೇರಿತ್ತು. ಹೇಗೆ ಹೇಳುವುದೆಂದು ನಾನು ಯೋಚಿಸಿಕೊಂಡು ಹೋದದ್ದೆಲ್ಲ ಅಲ್ಲಿ ಮರೆತೇಹೋಯಿತು. ನೇರವಾಗಿ ಹೇಳಿದೆ. ನನಗೆ ಖಚಿತವಾಗಿ ಗೊತ್ತಿಲ್ಲ. ಚಾಪುಡಿ ಮುಗಿದಿರಲೂಬಹುದು. ಆದರೆ ಒಮ್ಮೆ ಬೆಟ್ಟದ ಸದ್ದನ್ನು ಜನರದ್ದೆಂದು ಗೀಟು ಹೊಡೆದು ಏಳು ಜನರನ್ನು ಕಳೆದವಳು ನಾನು. ಇನ್ನೊಮ್ಮೆ ಅದೇ ಗೀಟು ಹೊಡೆಯಲು ನನ್ನ ಕೈ ಬರುವುದಿಲ್ಲ. ಆ ಹಾಳೆಗಳಲ್ಲಿ ಮನುಷ್ಯ ಇದ್ದ ಗುರುತು ಒಂದೂ ಇಲ್ಲ, ಹಾಗಾಗಿ ಆ ನಡುಕ ಬೆಟ್ಟದ್ದು ಎಂದೇ ನಾನು ಓದುತ್ತೇನೆ. ಹೊರಡೋಣ. ಸಮುದ್ರದಲ್ಲಿ ಏನಾದರೂ ಆದರೆ ಅದೂ ನನ್ನ ಮಾತಿನಿಂದಲೇ ಆದದ್ದು ಎಂದು ತಿಳಿದುಕೊಳ್ಳಿ. ಅಡಿಗೆಗೆ ನಿಂತು ಸತ್ತ ಏಳು ಜನರಲ್ಲಿ ಒಬ್ಬನ ತಾಯಿ ಮೊದಲು ಎದ್ದಳು. ಮನೆಗೆ ಹೋಗಿ ಚಾಪೆ ಸುತ್ತತೊಡಗಿದಳು. ಆಮೇಲೆ ಒಬ್ಬೊಬ್ಬರೇ ಎದ್ದರು.

ಸುಕ್ರ ವಾದ ಮಾಡುತ್ತಾನೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವನು ತಲೆಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡು, “ಹಾಂಗಾರೆ ಸಮುದ್ರಕ್ಕೆ ಈಗ್ಲೇ ಕಾಯಿ ಒಪ್ಪಿಸ್ತೆ. ಒಂದೂವರೆ ತಿಂಗ್ಳ್ ಮುಂಚೆ ಎಂತಕ್ಕೆ ಬಂದ್ಯ ಅಂದ್ ಬೈದ್ರೆ ಬೈಲಿ,” ಎಂದು ದಡಕ್ಕೆ ಇಳಿದ. ನಿನ್ನೆಯೆಲ್ಲ ತೆಂಗಿನ ಮಡಲಿನ ಚಪ್ಪರಗಳಿಂದ ದೋಣಿ ಎಳೆದು ತಂದರು. ವನಜ ಸುಕ್ರನ ದೋಣಿಯಲ್ಲೇ ಕೂರುತ್ತಾಳೆ. ಅವಳ ಪಕ್ಕದಲ್ಲಿ ಇಬ್ಬರು ಸೂಲಗಿತ್ತಿಯರು, ಅವಳ ಕಾಲ ಬುಡದಲ್ಲಿ ಬಟ್ಟೆಯ ನಕ್ಷೆ ಸುತ್ತಿಟ್ಟಿದೆ. ನನಗೆ ಭಯವಾಗುತ್ತಿದೆ. ಗಾಳಿ ಜೋರಾಗಿದೆ, ನೀರು ಕಪ್ಪಾಗಿದೆ, ಹಿಂತಿರುಗಿ ಹೋಗೋಣ ಎಂದು ಯಾರಾದರೂ ಹೇಳಿದರೆ ನಾನೇ ಮೊದಲು ಇಳಿದುಬಿಟ್ಟೇನು ಅನ್ನಿಸುತ್ತದೆ. ಆದರೂ ಹೊರಡುತ್ತೇವೆ.

ಈ ಓಲೆಯನ್ನು ನಿಮ್ಮ ಹಾಳೆಗಳು ಸಿಕ್ಕಿದ್ದ ಗೂಡಿನಲ್ಲೇ ಇಡುತ್ತೇನೆ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ನೀವಿದ್ದ ದಿನ ಕಂಡದ್ದನ್ನೆಲ್ಲ ಚೆನ್ನಾಗಿ ಬರೆದಿದ್ದೀರಿ, ಅದಕ್ಕೆ ನಾವು ಋಣಿಗಳು. ನೀವು ಇಲ್ಲದ ದಿನವನ್ನೂ ಬರೆದಿಡಿ. ‘ನಾಳೆಯಿಂದ ಊರಿಗೆ ಹೋಗುತ್ತೇನೆ, ಇಲ್ಲಿ ಯಾರೂ ಇರುವುದಿಲ್ಲ’ ಎಂಬ ಒಂದು ಸಾಲು ಸಾಕಿತ್ತು. ನಿಮ್ಮ ಪಕ್ಕದಲ್ಲಿ ಇಂಥ ಯಂತ್ರದ ಮುಂದೆ ಕೂರುವವರು ಇನ್ನೂ ಯಾರಾದರೂ ಇದ್ದರೆ ಅವರಿಗೂ ಹೇಳಿ. ಬೆಟ್ಟ ತನ್ನದನ್ನು ತಾನು ಬರೆಯುತ್ತದೆ, ನಾವು ನಮ್ಮದನ್ನು ಬರೆಯದಿದ್ದರೆ ಎರಡೂ ಕಲಸಿಹೋಗುತ್ತವೆ. ನಿಮ್ಮ ಆರೋಗ್ಯ ಚೆನ್ನಾಗಿರಲಿ. ಮಾತಾಡಲು ಯಾರಾದರೂ ಸಿಗಲಿ.

ಹೊರಡುವ ಶಂಖ ಊದುತ್ತಿದ್ದಾರೆ, ನನ್ನ ದೋಣಿ ಕಾಯುತ್ತಿದೆ. ನಮ್ಮ ಯಂತ್ರಕ್ಕೆ ಹೊಸ ಸುರುಳಿ ಹಾಕಿ, ಮುಳ್ಳಿಗೆ ಮಸಿ ತುಂಬಿಸಿದ್ದೇನೆ. ಹತ್ತು ದಿನ ಓಡುತ್ತದೆ. ಅದರ ಅಂಚಿನಲ್ಲಿ, ಮುಂದೆ ಯಾರು ಬಂದು ಎತ್ತಿದರೂ ಕಾಣುವಷ್ಟು ದಪ್ಪವಾಗಿ, ಬರೆದಿದ್ದೇನೆ: ‘ಜುಲೈ 2, ಬೆಳಿಗ್ಗೆ ಏಳು ಗಂಟೆ. ನಾವು ಹೊರಟೆವು. ದ್ವೀಪದಲ್ಲಿ ಒಬ್ಬರೂ ಇಲ್ಲ. ಇನ್ನು ಮುಂದಿನ ಗೆರೆಯೆಲ್ಲ ಬೆಟ್ಟದ್ದೇ.’

ಇಂತಿ,
ಜಲಜಾಕ್ಷಿ, ನೆಲಗಾವಲು